ಬಾರ್ಡರ್ ಶುಗರ್, ಫ್ಯಾಟಿ ಲಿವರ್ ಮತ್ತು ದಿನಕ್ಕೊಂದು ಬಟ್ಟಲು ಹಣ್ಣು

ಶುಗರ್ ಬಾರ್ಡರ್‌ನಲ್ಲಿದೆ ಅಂತ ಗೊತ್ತಾದ ಕೂಡಲೇ ನಮ್ಮ ಕಡೆ ಎರಡು ಸಲಹೆ ಬರುತ್ತವೆ. ಹಣ್ಣು ಮುಟ್ಟಲೇಬೇಡಿ ಅನ್ನುವುದು ಒಂದು. ಅನ್ನ ಬಿಟ್ಟು ಬರೀ ಹಣ್ಣು ತಿನ್ನಿ, ಲಿವರ್ ಕ್ಲೀನ್ ಆಗುತ್ತೆ ಅನ್ನುವುದು ಇನ್ನೊಂದು. ನನಗೆ ಎರಡನ್ನೂ ಒಂದೇ ಸ್ಟಾಫ್ ರೂಮಿನಲ್ಲಿ ಹೇಳಿದರು. ಹೇಳಿದ ಇಬ್ಬರೂ ನನ್ನ ಒಳ್ಳೆಯದಕ್ಕೇ ಹೇಳಿದವರು. ಆದರೆ ಎರಡೂ ಸರಿಯಲ್ಲ ಅಂತ ಈಗ ಗೊತ್ತಾಗಿದೆ. ಹೇಗೆ ಗೊತ್ತಾಯಿತು ಅನ್ನುವುದನ್ನು ಬರೆದಿಟ್ಟರೆ ಇನ್ನೊಬ್ಬರಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯಲ್ಲಿ ಹೈಸ್ಕೂಲು ಗಣಿತ ಟೀಚರು. ವಯಸ್ಸು 46. ತವರು ಹಿರಿಯೂರು ತಾಲ್ಲೂಕು. ಅಲ್ಲಿ ತಮ್ಮ ದಾಳಿಂಬೆ ಬೆಳೆಯುತ್ತಾನೆ, ಭಗವಾ ತಳಿ. ಕೊಯ್ಲಿನ ಸಮಯದಲ್ಲಿ ಸಿಪ್ಪೆಗೆ ಕಲೆ ಬಿದ್ದ ಹಣ್ಣು, ಗಾತ್ರ ಸಣ್ಣದಾದ ಹಣ್ಣು ವ್ಯಾಪಾರಿಗಳಿಗೆ ಬೇಡ. ಒಳಗಿನ ಕಾಳು ಮಾತ್ರ ಕೆಂಪಗೆ, ಸಿಹಿಯಾಗಿ ಚೆನ್ನಾಗೇ ಇರುತ್ತದೆ. ಅಂಥದ್ದನ್ನು ಕ್ರೇಟಿಗೆ ತುಂಬಿ ಬಸ್ಸಿಗೆ ಹಾಕಿ ನಮಗೆ ಕಳಿಸುತ್ತಾನೆ. ಹಾಗಾಗಿ ಹಣ್ಣು ಬಿಡಿ ಅನ್ನುವುದು ನನಗೆ ಸಣ್ಣ ಮಾತಲ್ಲ. ಇನ್ನೊಂದು ಕಡೆ ಅಪ್ಪನದ್ದೂ ನೆನಪಿದೆ. ಅವರಿಗೆ ಶುಗರ್ ಇತ್ತು. ಕಾಲಿನ ಬೆರಳು ತೆಗೆದದ್ದನ್ನು ಹತ್ತಿರದಿಂದ ನೋಡಿದ್ದೇನೆ. ಹಾಗಾಗಿ ಈ ವಿಷಯವನ್ನು ಸುಮ್ನೆ ಬಿಡುವ ಹಾಗೂ ಇರಲಿಲ್ಲ.

ಶಿಕ್ಷಕರಿಗೆ ಅಂತ ನಡೆದ ತಪಾಸಣೆಯಲ್ಲಿ ಫಾಸ್ಟಿಂಗ್ ಶುಗರ್ 112 ಬಂತು. 100ರ ಒಳಗಿದ್ದರೆ ಸರಿ. 126 ಮತ್ತು ಅದಕ್ಕಿಂತ ಮೇಲೆ ಹೋದರೆ ಡಯಾಬಿಟಿಸ್. ನಡುವೆ ಇರುವುದಕ್ಕೆ ಪ್ರೀಡಯಾಬಿಟಿಸ್ ಅನ್ನುತ್ತಾರೆ. ಈ ನಡುವಿನವರು ನಮ್ಮ ದೇಶದಲ್ಲಿ ಎಷ್ಟಿದ್ದಾರೆ ಗೊತ್ತಾ? 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ದೊಡ್ಡ ಸಮೀಕ್ಷೆಯ ಅಂದಾಜು 13.6 ಕೋಟಿ. ಡಯಾಬಿಟಿಸ್ ಇರುವವರು 10.1 ಕೋಟಿ. ಅಂದರೆ ಕಾಯಿಲೆ ಬಂದವರಿಗಿಂತ ಹೊಸ್ತಿಲಲ್ಲಿ ನಿಂತವರೇ ಜಾಸ್ತಿ. ಅವರಲ್ಲಿ ಬಹಳಷ್ಟು ಜನಕ್ಕೆ ತಾವು ಅಲ್ಲಿ ನಿಂತಿದ್ದೇವೆ ಅಂತಲೇ ಗೊತ್ತಿರುವುದಿಲ್ಲ. ಯಾಕೆಂದರೆ ಏನೂ ನೋವಾಗುವುದಿಲ್ಲ, ಏನೂ ಕಾಣುವುದಿಲ್ಲ.

ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ನನಗೆ 6.1 ಬಂತು. 5.7ರಿಂದ 6.4ರವರೆಗೆ ಪ್ರೀಡಯಾಬಿಟಿಸ್. ಆದರೆ ಡಾಕ್ಟರು ಅದನ್ನು ನೋಡಿ ಅಲ್ಲಿಗೇ ಬಿಡಲಿಲ್ಲ. "ಹಿಮೋಗ್ಲೋಬಿನ್ ಎಷ್ಟಿದೆ ಮೇಡಂ?" ಅಂತ ಕೇಳಿದರು. 10.4 ಇತ್ತು. ಕಬ್ಬಿಣದ ಅಂಶ ಕಡಿಮೆಯಿದ್ದರೆ ಕೆಂಪು ರಕ್ತಕಣಗಳು ಹೆಚ್ಚು ದಿನ ಓಡಾಡುತ್ತವೆ, ಸಕ್ಕರೆ ಅಂಟಿಕೊಳ್ಳಲು ಅವಕಾಶವೂ ಜಾಸ್ತಿ, ಹಾಗಾಗಿ ಈ ಸಂಖ್ಯೆ ನಿಜಕ್ಕಿಂತ ಸ್ವಲ್ಪ ಮೇಲೆ ತೋರಿಸಬಹುದು ಅಂದರು. ನಮ್ಮ ಹೆಂಗಸರಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಅಲ್ವಾ? ಈ ಪ್ರಶ್ನೆಯನ್ನು ಪ್ರತಿಯೊಬ್ಬರೂ ತಮ್ಮ ಡಾಕ್ಟರನ್ನು ಕೇಳಬೇಕು ಅಂತ ನನಗೆ ಅನ್ನಿಸುತ್ತದೆ. ಕಬ್ಬಿಣದ ಮಾತ್ರೆ ಬರೆದುಕೊಟ್ಟು, ಗ್ಲುಕೋಸ್ ಕುಡಿಸಿ ಮಾಡುವ ಪರೀಕ್ಷೆಗೆ ಕಳಿಸಿದರು.

ಈ ಪರೀಕ್ಷೆಗೆ ಹೋಗುವವರು ತಿಳಿದಿರಲಿ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಿಂದಿನ ಮೂರು ದಿನ ಎಂದಿನಂತೆ ಊಟ ಮಾಡಬೇಕು. ಪರೀಕ್ಷೆ ಇದೆ ಅಂತ ಅನ್ನ, ರೊಟ್ಟಿ ಕಡಿಮೆ ಮಾಡಬಾರದು. ರಾತ್ರಿ ಊಟ ಬೇಗ ಮುಗಿಸಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಮೊದಲು ಒಂದು ಸಲ ರಕ್ತ ತೆಗೆದರು. ಆಮೇಲೆ 75 ಗ್ರಾಂ ಗ್ಲುಕೋಸ್ ಕಲಸಿದ ನೀರು ಕೊಟ್ಟರು. ಐದು ನಿಮಿಷದೊಳಗೆ ಕುಡಿದು ಮುಗಿಸಬೇಕು. ಖಾಲಿ ಹೊಟ್ಟೆಗೆ ಅಷ್ಟು ಸಿಹಿ ಗಂಟಲಲ್ಲೇ ನಿಂತ ಹಾಗಾಗುತ್ತದೆ. ಕುಡಿದು ಲೋಟ ಕೆಳಗಿಟ್ಟೆ. ಲ್ಯಾಬಿನ ಹುಡುಗಿ ಅದನ್ನು ಎತ್ತಿ ಬೆಳಕಿಗೆ ಹಿಡಿದಳು. ತಳದಲ್ಲಿ ಬಿಳಿ ಪುಡಿ ಸ್ವಲ್ಪ ಕೂತಿತ್ತು. ಎರಡು ಚಮಚ ನೀರು ಹಾಕಿ, ಗಿರಗಿರ ತಿರುಗಿಸಿ, "ಇದನ್ನೂ ಕುಡೀರಿ ಮೇಡಂ, ಬಿಟ್ರೆ ಲೆಕ್ಕ ತಪ್ತದೆ" ಅಂತ ವಾಪಸು ಕೊಟ್ಟಳು. ಆ ಮಾತು ನನಗೆ ಬಹಳ ಹಿಡಿಸಿತು. ಎರಡು ಗಂಟೆ ಕೂತಲ್ಲೇ ಕೂರಬೇಕು. ಓಡಾಡಿದರೆ ಕಾಲಿನ ಸ್ನಾಯುಗಳು ಸಕ್ಕರೆ ಎಳೆದುಕೊಂಡು ಸಂಖ್ಯೆ ಇಳಿದುಬಿಡುತ್ತದೆ. ಎರಡು ಗಂಟೆ ಬಿಟ್ಟು ತೆಗೆದ ರಕ್ತದಲ್ಲಿ 163 ಬಂತು. 140ರ ಒಳಗಿದ್ದರೆ ಸರಿ, 200 ಮುಟ್ಟಿದರೆ ಡಯಾಬಿಟಿಸ್. ಅಲ್ಲಿಗೆ ಅನುಮಾನ ಉಳಿಯಲಿಲ್ಲ.

ಲಿವರ್ ವಿಷಯ ಬಂದದ್ದು ಅದೇ ರಕ್ತದ ರಿಪೋರ್ಟಿನಲ್ಲಿ. ಎಸ್‌ಜಿಪಿಟಿ 58, ಎಸ್‌ಜಿಒಟಿ 41. ಲಿವರ್‌ಗೆ ಪೆಟ್ಟು ಬಿದ್ದಾಗ ರಕ್ತದಲ್ಲಿ ಏರುವ ಕಿಣ್ವಗಳು ಇವು. ರಕ್ತದಲ್ಲಿರುವ ಒಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 198, ಅದು 150ರ ಒಳಗಿರಬೇಕು. ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದರೆ ಫ್ಯಾಟಿ ಲಿವರ್, ಅಂದರೆ ಲಿವರ್‌ನಲ್ಲಿ ಕೊಬ್ಬು ಸೇರಿಕೊಂಡಿದೆ. ಗ್ರೇಡ್ 1, ಮೊದಲ ಹಂತ. ನನ್ನ ಅತ್ತೆಗೆ ಇದನ್ನು ಕೇಳಿ ಗಾಬರಿ. "ಕುಡಿಯೋರಿಗೆ ಬರೋ ಕಾಯಿಲೆ ನಿನಗ್ಯಾಕೆ ಬಂತವಾ?" ಅಂದರು. ಹೀಗೆ ಯೋಚಿಸುವವರು ಅವರೊಬ್ಬರೇ ಅಲ್ಲ. ಮದ್ಯ ಮುಟ್ಟದವರಿಗೂ ಇದು ಬರುತ್ತದೆ. ಸೊಂಟದ ಸುತ್ತ ಕೊಬ್ಬು ಸೇರಿಕೊಂಡವರಲ್ಲಿ, ಶುಗರ್ ಬಾರ್ಡರ್‌ಗೆ ಬಂದವರಲ್ಲಿ ಬಹಳ ಸಾಮಾನ್ಯ. ನಮ್ಮ ದೇಶದ ಹೆಂಗಸರಿಗೆ ಸೊಂಟದ ಸುತ್ತಳತೆಯ ಮಿತಿ 80 ಸೆಂಟಿಮೀಟರ್, ಗಂಡಸರಿಗೆ 90. ನನ್ನದು 94 ಇತ್ತು. ತೂಕ 71 ಕಿಲೋ, ಎತ್ತರ 155 ಸೆಂಟಿಮೀಟರ್.

ಫ್ಯಾಟಿ ಲಿವರ್ ಅಂದಾಗ ಮುಖ್ಯವಾದ ಪ್ರಶ್ನೆ ಕೊಬ್ಬು ಎಷ್ಟಿದೆ ಅನ್ನುವುದಲ್ಲ. ಲಿವರ್ ಗಟ್ಟಿಯಾಗಲು ಶುರುವಾಗಿದೆಯಾ ಅನ್ನುವುದು. ಅದಕ್ಕೆ ಫಿಬ್-4 ಅಂತ ಒಂದು ಸರಳ ಲೆಕ್ಕ ಇದೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಬೇಕು. ಪ್ಲೇಟ್‌ಲೆಟ್ ಸಂಖ್ಯೆಯನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಬೇಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. ನನ್ನ ಪ್ಲೇಟ್‌ಲೆಟ್ 2 ಲಕ್ಷ 60 ಸಾವಿರ, ಅದನ್ನು 260 ಅಂತ ಹಾಕಿಕೊಳ್ಳಬೇಕು. ಡಾಕ್ಟರ ಮೇಜಿನ ಮುಂದೆಯೇ ಚೀಟಿಯ ಹಿಂದೆ ಲೆಕ್ಕ ಮಾಡಿದೆ, 0.95 ಬಂತು. 1.3ಕ್ಕಿಂತ ಕಡಿಮೆ ಬಂದರೆ ಗಟ್ಟಿಯಾಗಿರುವ ಸಾಧ್ಯತೆ ಕಡಿಮೆ. ಆ ದಿನ ಮನೆಗೆ ಬರುವಾಗ ಎದೆ ಹಗುರಾಗಿತ್ತು. ಫ್ಯಾಟಿ ಲಿವರ್ ಅಂತ ಬರೆದ ಚೀಟಿ ಹಿಡಿದು ನಿದ್ದೆಗೆಡುವವರಿಗೆ ಈ ಲೆಕ್ಕವನ್ನು ಯಾರಾದರೂ ಹೇಳಿಕೊಡಬೇಕು.

ಇನ್ನೊಂದು ಪ್ರಶ್ನೆ ನನ್ನನ್ನು ಕಾಡುತ್ತಿತ್ತು. ರಾತ್ರಿಯಿಂದ ಏನೂ ತಿಂದಿಲ್ಲ, ಹಾಗಿದ್ದರೂ ಬೆಳಿಗ್ಗೆ ಶುಗರ್ 112 ಯಾಕೆ? ಆ ಸಕ್ಕರೆ ಬಂದದ್ದೆಲ್ಲಿಂದ? ಲಿವರ್‌ನಿಂದಲೇ ಅಂತ ಡಾಕ್ಟರು ವಿವರಿಸಿದರು. ನಾವು ಉಪವಾಸ ಇದ್ದಾಗ ಮಿದುಳಿಗೆ, ರಕ್ತಕ್ಕೆ ಬೇಕಾದ ಗ್ಲುಕೋಸನ್ನು ಲಿವರ್ ಬಿಡುಗಡೆ ಮಾಡುತ್ತಿರುತ್ತದೆ. ಸಾಕು ನಿಲ್ಲಿಸು ಅಂತ ಹೇಳುವುದು ಇನ್ಸುಲಿನ್. ಲಿವರ್‌ನಲ್ಲಿ ಕೊಬ್ಬು ತುಂಬಿದಾಗ ಅದು ಆ ಮಾತು ಸರಿಯಾಗಿ ಕೇಳುವುದಿಲ್ಲ. ಬೇಕಿಲ್ಲದಿದ್ದರೂ ಸಕ್ಕರೆ ಬಿಡುತ್ತಲೇ ಇರುತ್ತದೆ. ಅಂದರೆ ನನ್ನ ಶುಗರ್ ಮತ್ತು ನನ್ನ ಲಿವರ್ ಎರಡು ಬೇರೆ ಕಾಯಿಲೆ ಅಲ್ಲ. ಒಂದೇ ಗಂಟಿನ ಎರಡು ತುದಿ. ಇದು ತಲೆಗೆ ಹೋದ ಮೇಲೆ ಹಣ್ಣಿನ ಪ್ರಶ್ನೆಯೂ ಬೇರೆ ಥರ ಕಂಡಿತು. ಹಣ್ಣು ತಿಂದರೆ ಶುಗರ್ ಏರುತ್ತಾ ಅಂತ ಮಾತ್ರ ಕೇಳಿದರೆ ಸಾಲದು. ಅದು ಲಿವರ್‌ಗೆ ಏನು ಮಾಡುತ್ತೆ ಅಂತಲೂ ಕೇಳಬೇಕು.

ಯಾಕೆಂದರೆ ಹಣ್ಣಿನ ಸಿಹಿಯಲ್ಲಿ ಒಂದು ಭಾಗ ಫ್ರಕ್ಟೋಸ್ ಅನ್ನುವ ಬಗೆಯ ಸಕ್ಕರೆ. ಅಡುಗೆಮನೆಯ ಸಕ್ಕರೆಯಲ್ಲಂತೂ ಸರಿಯಾಗಿ ಅರ್ಧ ಅದೇ. ಗ್ಲುಕೋಸನ್ನು ಇಡೀ ದೇಹ ಬಳಸುತ್ತದೆ. ಫ್ರಕ್ಟೋಸಿನ ಬಹುಪಾಲು ಕೆಲಸ ಲಿವರ್‌ನ ಮೇಲೇ ಬೀಳುತ್ತದೆ. ಒಮ್ಮೆಲೇ ಜಾಸ್ತಿ ಬಂದರೆ, ಅದರಲ್ಲೂ ಊಟದ ಶಕ್ತಿಯೇ ಮಿಕ್ಕಿರುವಾಗ, ಲಿವರ್ ಅದನ್ನು ಕೊಬ್ಬಾಗಿ ಮಾಡಿಡುತ್ತದೆ. ಸಾಫ್ಟ್ ಡ್ರಿಂಕ್ ಕುಡಿಯುವವರಲ್ಲಿ ಫ್ಯಾಟಿ ಲಿವರ್ ಹೆಚ್ಚು ಕಾಣಿಸುವುದಕ್ಕೆ ಇದೂ ಒಂದು ಕಾರಣ. ಇಡೀ ಹಣ್ಣಿನ ಕಥೆ ಬೇರೆ. ಅದನ್ನು ಅಗಿಯಬೇಕು. ನಾರು ಇರುತ್ತದೆ, ನೀರು ಇರುತ್ತದೆ. ಸಕ್ಕರೆ ನಿಧಾನ ಬರುತ್ತದೆ, ಹೊಟ್ಟೆ ಬೇಗ ತುಂಬುತ್ತದೆ.

ಆಸ್ಪತ್ರೆಯ ಡಯಟಿಷಿಯನ್ ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ಬೆಳಿಗ್ಗೆಯಿಂದ ರಾತ್ರಿವರೆಗೆ ಏನು ತಿನ್ನುತ್ತೇನೆ ಅಂತ ಒಂದೂ ಬಿಡದೆ ಬರೆದುಕೊಂಡರು. ಸಕ್ಕರೆ ಹಾಕಿದ ಟೀ, ಬೆಳಿಗ್ಗೆ ಚಿತ್ರಾನ್ನ ಅಥವಾ ಅವಲಕ್ಕಿ, ಮಧ್ಯಾಹ್ನ ಡಬ್ಬಿಯಲ್ಲಿ ರೊಟ್ಟಿ, ಅನ್ನ, ಶಾಲೆಯಿಂದ ಬರುವಾಗ ಮಂಡಕ್ಕಿ ಮಿರ್ಚಿ, ರಾತ್ರಿ ಮತ್ತೆ ಅನ್ನ. ಭಾನುವಾರ ಬೆಣ್ಣೆ ದೋಸೆ. ದಾವಣಗೆರೆಯಲ್ಲಿ ಇದ್ದು ಇವನ್ನು ತಿನ್ನಬೇಡಿ ಅಂದರೆ ಯಾರು ಕೇಳುತ್ತಾರೆ? ಅವರಿಗೂ ಅದು ಗೊತ್ತಿತ್ತು. ಅವರು ಗುರುತು ಹಾಕಿದ್ದು ಸಂಜೆಯ ಹೊತ್ತಿಗೆ. "ಮೇಡಂ, ಹಣ್ಣು ತಿನ್ನಿ. ಆದ್ರೆ ಇದರ ಮೇಲೆ ಹಣ್ಣು ಅಲ್ಲ, ಇದರ ಬದಲು ಹಣ್ಣು" ಅಂದರು.

ಈ ಒಂದು ಮಾತೇ ನಾನು ಹೇಳಬೇಕೆಂದಿರುವುದರ ತಿರುಳು. ಮಂಡಕ್ಕಿ ಕೈಯಲ್ಲಿ ಹಿಡಿದರೆ ಹಗುರ, ತಿಂದರೆ ಪೂರ್ತಿ ಪಿಷ್ಟ. ಅದರ ಪಕ್ಕ ಎಣ್ಣೆಯಲ್ಲಿ ಕರಿದ ಮಿರ್ಚಿ. ಆ ಜಾಗಕ್ಕೆ ಒಂದು ಪೇರಲ ಅಥವಾ ಒಂದು ಬಟ್ಟಲು ದಾಳಿಂಬೆ ಕಾಳು, ಜೊತೆಗೆ ಒಂದು ಹಿಡಿ ಹುರಿದ ಶೇಂಗಾ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆ 2024ರಲ್ಲಿ ಕೊಟ್ಟ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 100 ಗ್ರಾಂ ಹಣ್ಣು, 400 ಗ್ರಾಂ ತರಕಾರಿ ಅಂತ ಇದೆ. ನಮ್ಮ ಮನೆಗಳಲ್ಲಿ ತರಕಾರಿಯೂ ಅಷ್ಟಿಲ್ಲ, ಹಣ್ಣೂ ಇಲ್ಲ. ಇರುವುದೆಲ್ಲ ಅನ್ನ.

ಬದಲಿಗೂ ಮೇಲಿಂದ ಸೇರಿಸುವುದಕ್ಕೂ ಅಷ್ಟು ವ್ಯತ್ಯಾಸ ಇದೆಯಾ ಅಂತ ನನಗೆ ಅನುಮಾನ. ಓದಿ ನೋಡಿದೆ. ಇರಾನಿನಲ್ಲಿ ಫ್ಯಾಟಿ ಲಿವರ್ ಇದ್ದ 80 ಜನರ ಮೇಲೆ ಆರು ತಿಂಗಳ ಪ್ರಯೋಗ ಮಾಡಿದ್ದರು, 2022ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ದಿನಕ್ಕೆ ಕನಿಷ್ಠ ನಾಲ್ಕು ಪಾಲು ಹಣ್ಣು. ಇನ್ನೊಂದು ಗುಂಪಿಗೆ ಎರಡು ಪಾಲಿಗಿಂತ ಕಡಿಮೆ. ಕೊನೆಗೆ ಜಾಸ್ತಿ ಹಣ್ಣು ತಿಂದವರ ತೂಕ, ಲಿವರ್ ಸಂಖ್ಯೆಗಳು, ಶುಗರ್ ಎಲ್ಲವೂ ಕೆಟ್ಟಿದ್ದವು. ಬರೀ ಹಣ್ಣು ತಿನ್ನಿ ಅನ್ನುವವರು ಇದನ್ನು ಓದಬೇಕು. ಅದೇ ಸ್ವೀಡನ್ನಿನ ಒಂದು ಸಣ್ಣ ಪ್ರಯೋಗದಲ್ಲಿ ಆರೋಗ್ಯವಾಗಿದ್ದ 30 ಜನರಿಗೆ ಎರಡು ತಿಂಗಳು ಹೆಚ್ಚುವರಿ ಹಣ್ಣು ಅಥವಾ ಬಾದಾಮಿಯಂಥ ಬೀಜಗಳನ್ನು ಕೊಟ್ಟರು. ಅವರ ಲಿವರ್‌ನ ಕೊಬ್ಬು ಏರಲಿಲ್ಲ. ಆರೋಗ್ಯವಂತರು ತಡೆದುಕೊಂಡದ್ದನ್ನು ಈಗಾಗಲೇ ಕೊಬ್ಬು ತುಂಬಿದ ಲಿವರ್ ತಡೆದುಕೊಳ್ಳಲಿಕ್ಕಿಲ್ಲ ಅಂತ ನಾನು ಅರ್ಥ ಮಾಡಿಕೊಂಡೆ. ಇನ್ನು ಹಣ್ಣು ಮುಟ್ಟಬೇಡಿ ಅನ್ನುವವರಿಗೆ: 2013ರಲ್ಲಿ ಬಂದ ಅಮೆರಿಕದ ದೊಡ್ಡ ಅಧ್ಯಯನ ಒಂದು ಲಕ್ಷ 87 ಸಾವಿರ ಜನರನ್ನು ಹಲವು ವರ್ಷ ಹಿಂಬಾಲಿಸಿತು. ಇಡೀ ಹಣ್ಣು, ಅದರಲ್ಲೂ ಸೇಬು, ದ್ರಾಕ್ಷಿ, ಬ್ಲೂಬೆರಿ ತಿನ್ನುವವರಿಗೆ ಡಯಾಬಿಟಿಸ್ ಕಡಿಮೆ ಬಂದಿತ್ತು. ಹಣ್ಣಿನ ಜ್ಯೂಸ್ ಕುಡಿಯುವವರಿಗೆ ಜಾಸ್ತಿ ಬಂದಿತ್ತು.

ಓದಿದ್ದು ಸಾಕು, ನನ್ನ ದೇಹ ಏನು ಹೇಳುತ್ತೆ ನೋಡೋಣ ಅಂತ ಗ್ಲುಕೋಮೀಟರ್ ತಂದೆ. ಹಣ್ಣು ಬಿಡಿಸಿದ ಕೈಯಲ್ಲಿ ಶುಗರ್ ನೋಡಬೇಡಿ ಅಂತ ಲ್ಯಾಬಿನ ಹುಡುಗಿ ಮೊದಲೇ ಹೇಳಿದ್ದಳು. ಎಷ್ಟು ವ್ಯತ್ಯಾಸ ಬರುತ್ತೆ ಅಂತ ತಿಳಿಯಲು ಒಂದು ಸಂಜೆ ಬೇಕಂತಲೇ ಮಾಡಿ ನೋಡಿದೆ. ದಾಳಿಂಬೆ ಬಿಡಿಸಿ, ಕೈ ಬಟ್ಟೆಗೆ ಒರೆಸಿಕೊಂಡು ಬೆರಳು ಚುಚ್ಚಿದೆ. 214 ತೋರಿಸಿತು. ಸೋಪು ಹಚ್ಚಿ ತೊಳೆದು, ಒಣಗಿಸಿ, ಪಕ್ಕದ ಬೆರಳಲ್ಲಿ ನೋಡಿದೆ. 109. ಚರ್ಮಕ್ಕೆ ಅಂಟಿದ ಒಂದಿಷ್ಟು ರಸಕ್ಕೇ ಅಷ್ಟು. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಸಾಲದು, ನೀರಿನಲ್ಲೇ ತೊಳೆಯಬೇಕು. ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಇದು ತಮಾಷೆಯ ಮಾತಲ್ಲ. ಸುಳ್ಳು ಸಂಖ್ಯೆ ನೋಡಿ ಡೋಸ್ ಜಾಸ್ತಿ ಮಾಡಿದರೆ ಶುಗರ್ ಕುಸಿದು ಬಿದ್ದುಬಿಡುತ್ತಾರೆ. ಇನ್ನೊಂದು ವಿಷಯ, ಮನೆಯ ಮೀಟರು ಲ್ಯಾಬಿನ ಸಂಖ್ಯೆಗಿಂತ ನೂರಕ್ಕೆ ಹದಿನೈದರಷ್ಟು ಆಚೀಚೆ ತೋರಿಸಬಹುದು. ಹಾಗಾಗಿ ಐದು, ಹತ್ತು ಅಂಕದ ವ್ಯತ್ಯಾಸಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ದೊಡ್ಡ ವ್ಯತ್ಯಾಸಗಳು ಮಾತ್ರ ಕಣ್ಣಿಗೆ ಹೊಡೆದ ಹಾಗೆ ಬಂದವು. ಸಂಜೆ ಒಂದು ಪ್ಲೇಟ್ ಮಂಡಕ್ಕಿ ಮಿರ್ಚಿ ತಿಂದು ಒಂದು ಗಂಟೆಗೆ 188, ಎರಡು ಗಂಟೆಗೂ 165. ಅದೇ ಹೊತ್ತಿಗೆ ಒಂದು ಪೇರಲ, ಹಿಡಿ ಶೇಂಗಾ ತಿಂದ ದಿನ 126. ಪೇರಲದಲ್ಲಿ ನೂರು ಗ್ರಾಮಿಗೆ ಐದು ಗ್ರಾಮಿಗಿಂತ ಜಾಸ್ತಿ ನಾರಿದೆ, ನಾರು ಜಾಸ್ತಿ ಇರುವ ಹಣ್ಣುಗಳಲ್ಲಿ ಅದೂ ಒಂದು. ಸಿಪ್ಪೆ, ಬೀಜದ ಸಮೇತ ತಿನ್ನಬೇಕು. ದಾಳಿಂಬೆ ಕಾಳು ಒಂದು ಬಟ್ಟಲಿಗೆ 141. ಬಾಳೆಹಣ್ಣು ಹೇಗಿದೆ ಅನ್ನುವುದರ ಮೇಲೆ ಬದಲಾಗುತ್ತಿತ್ತು. ಸಿಪ್ಪೆ ಕಪ್ಪು ಚುಕ್ಕೆ ಬಿದ್ದಷ್ಟೂ ಸಂಖ್ಯೆ ಮೇಲೆ. ಪುಟ್ಟಬಾಳೆ ಒಂದಾದರೆ ತೊಂದರೆ ಕಾಣಲಿಲ್ಲ.

ಜ್ಯೂಸಿನ ಪರೀಕ್ಷೆ ನಡೆದದ್ದು ಅತ್ತೆಯ ಎದುರಿಗೆ. ನನಗೆ ರಕ್ತ ಕಡಿಮೆ ಅಂತ ಗೊತ್ತಾದಾಗಿನಿಂದ ಅವರದ್ದು ಒಂದೇ ಮಾತು. "ಮನೆ ತುಂಬ ದಾಳಿಂಬ್ರಿ ಐತಿ, ರಸ ಮಾಡಿ ಕುಡಿಯವಾ, ರಕ್ತ ಆಗ್ತದೆ." ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಮಕ್ಕಳು ಹುಟ್ಟಿದಾಗ ಬಾಣಂತನ ಮಾಡಿದವರು ಅವರೇ. ಒಂದು ಬೆಳಿಗ್ಗೆ ಇಬ್ಬರೂ ಕೂತು ಕಾಳು ಬಿಡಿಸಿ, ಮಿಕ್ಸಿಗೆ ಹಾಕಿ, ಸೋಸಿದೆವು. ಒಂದು ಲೋಟ ರಸಕ್ಕೆ ಎರಡಕ್ಕಿಂತ ಜಾಸ್ತಿ ಹಣ್ಣು ಹಿಡಿಯಿತು. ಸೋಸುವ ಜಾಲರಿಯಲ್ಲಿ ಬೆಳ್ಳಗಿನ ಬೀಜದ ರಾಶಿ ಉಳಿಯಿತು, ನಾರೆಲ್ಲ ಅದರಲ್ಲೇ. ಕುಡಿಯಲು ಒಂದು ನಿಮಿಷವೂ ಬೇಕಾಗಲಿಲ್ಲ. ಒಂದು ಗಂಟೆಗೆ 183. ಮೀಟರನ್ನು ಅವರ ಕೈಗೇ ಕೊಟ್ಟೆ. ಕನ್ನಡಕ ಹಾಕಿಕೊಂಡು ನೋಡಿದರು. ಕಾಳು ತಿಂದ ದಿನದ ಸಂಖ್ಯೆಯನ್ನು ಪಕ್ಕದಲ್ಲಿ ಬರೆದು ತೋರಿಸಿದೆ. ಆಮೇಲೆ ರಸದ ಮಾತು ಅವರಾಗಿಯೇ ಬಿಟ್ಟರು. ಈಗ ನಾನು ಶಾಲೆಯಿಂದ ಬರುವ ಹೊತ್ತಿಗೆ ಕಾಳು ಬಿಡಿಸಿ ಬಟ್ಟಲಲ್ಲಿ ಮುಚ್ಚಿಡುತ್ತಾರೆ.

ರಕ್ತದ ವಿಷಯದಲ್ಲೂ ಒಂದು ಮಾತು ಹೇಳಬೇಕು. ದಾಳಿಂಬೆ ಕೆಂಪಗಿದೆ ಅಂದ ಮಾತ್ರಕ್ಕೆ ಅದರಲ್ಲಿ ಕಬ್ಬಿಣ ಜಾಸ್ತಿ ಇಲ್ಲ. ನೂರು ಗ್ರಾಮಿನಲ್ಲಿ ಒಂದು ಮಿಲಿಗ್ರಾಮೂ ಇರುವುದಿಲ್ಲ. ಬೆಳೆಗಾರನ ಅಕ್ಕನಾಗಿ ಇದನ್ನು ಹೇಳಲು ನನಗೆ ಸಂಕೋಚವಿಲ್ಲ, ಆ ಹಣ್ಣಿಗೆ ಬೇರೆ ಒಳ್ಳೆಯ ಗುಣಗಳಿವೆ. ಪೇರಲದ ಸಿ ಜೀವಸತ್ವ ಮಾತ್ರ ನಿಜಕ್ಕೂ ಸಹಾಯ ಮಾಡುತ್ತದೆ. ಸೊಪ್ಪು, ರಾಗಿ, ಬೇಳೆಕಾಳುಗಳಲ್ಲಿರುವ ಕಬ್ಬಿಣವನ್ನು ದೇಹ ಚೆನ್ನಾಗಿ ಹೀರಿಕೊಳ್ಳುವಂತೆ ಮಾಡುತ್ತದೆ. ಅದಕ್ಕೇ ಮಧ್ಯಾಹ್ನದ ಡಬ್ಬಿಯಲ್ಲಿ ಅರ್ಧ ಅನ್ನ ತೆಗೆದು ಎರಡು ಹೋಳು ಪೇರಲ ಇಟ್ಟುಕೊಳ್ಳಲು ಶುರು ಮಾಡಿದೆ. ಊಟದ ಜೊತೆ ಟೀ ಕುಡಿಯುವುದನ್ನೂ ನಿಲ್ಲಿಸಿದೆ, ಟೀ ಕಬ್ಬಿಣವನ್ನು ತಡೆಯುತ್ತದೆ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಟೀಯ ಸಕ್ಕರೆ ಹೋಯಿತು. ರಾತ್ರಿ ಅನ್ನದ ಬದಲು ಜೋಳದ ರೊಟ್ಟಿ, ಪಲ್ಯ ಜಾಸ್ತಿ. ಬೆಣ್ಣೆ ದೋಸೆ ಉಳಿಯಿತು, ತಿಂಗಳಿಗೊಮ್ಮೆ, ಒಂದು. ಬೆಳಿಗ್ಗೆ ಕುಂದವಾಡ ಕೆರೆಯ ಏರಿ ಮೇಲೆ ವಾಕಿಂಗ್. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಬೇಕು, ತೂಕದಲ್ಲಿ ನೂರಕ್ಕೆ ಏಳರಷ್ಟು ಇಳಿಸಬೇಕು ಅಂತ ಡಾಕ್ಟರು ಗುರಿ ಕೊಟ್ಟಿದ್ದರು. ಇದು ಸುಮ್ನೆ ಹೇಳಿದ ಲೆಕ್ಕವಲ್ಲ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಇದೇ ಗುರಿ ಇಟ್ಟುಕೊಂಡವರಿಗೆ ಡಯಾಬಿಟಿಸ್ ಬರುವುದು ಶೇಕಡಾ 58ರಷ್ಟು ತಗ್ಗಿತ್ತು. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಿಗೆ ಶೇಕಡಾ 31. ನಮ್ಮ ದೇಶದಲ್ಲೇ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಜೀವನಶೈಲಿ ಬದಲಿಸಿದವರಿಗೆ ಶೇಕಡಾ 28.5ರಷ್ಟು ತಗ್ಗಿತ್ತು. ನಮ್ಮವರಲ್ಲಿ ಲಾಭ ಕಡಿಮೆ ಕಂಡರೂ ಇದೆ ಅನ್ನುವುದೇ ನನಗೆ ಧೈರ್ಯ ಕೊಟ್ಟಿತು.

ಈ ನಡುವೆ ಪುಡಿ, ಕಷಾಯಗಳ ಸಲಹೆ ಎಷ್ಟು ಬಂದವೋ. ನೇರಳೆ ಬೀಜದ ಪುಡಿ, ಅಮೃತಬಳ್ಳಿ ರಸ, ಹೆಸರೇ ಇಲ್ಲದ ಪೊಟ್ಟಣಗಳು. ನೇರಳೆ ಹಣ್ಣನ್ನು ನಾನು ಕಾಲ ಬಂದಾಗ ಖುಷಿಯಿಂದ ತಿನ್ನುತ್ತೇನೆ. ಆದರೆ ಪುಡಿ ಬೇಡ ಅಂದೆ. ಲಿವರ್ ಸಂಖ್ಯೆ ಈಗಾಗಲೇ ಏರಿರುವವರು ಏನು ಬೆರೆಸಿದ್ದಾರೆ ಅಂತ ಗೊತ್ತಿಲ್ಲದ್ದನ್ನು ಬಾಯಿಗೆ ಹಾಕಿಕೊಳ್ಳಬಾರದು. 2021ರಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿ ತೆಗೆದುಕೊಂಡವರಲ್ಲಿ ಲಿವರ್‌ಗೆ ಪೆಟ್ಟು ಬಿದ್ದದ್ದನ್ನು ವರದಿ ಮಾಡಿದ್ದಾರೆ. ಗಿಡದಿಂದ ಬಂದದ್ದೆಲ್ಲ ತಂಪು, ಏನೂ ಮಾಡುವುದಿಲ್ಲ ಅನ್ನುವ ನಂಬಿಕೆ ನಮ್ಮ ಊರುಗಳಲ್ಲಿ ಬಹಳ ಜನರಿಗೆ ತೊಂದರೆ ಮಾಡುತ್ತಿದೆ. ಇದನ್ನು ನಾನು ಬೇಸರದಿಂದಲೇ ಹೇಳುತ್ತಿದ್ದೇನೆ.

ಸೀತಾಫಲದ ಕಾಲದಲ್ಲಿ ಸ್ವಲ್ಪ ಕಷ್ಟವಾಯಿತು. ಚಿತ್ರದುರ್ಗದ ಗುಡ್ಡದ ಕಡೆಯಿಂದ ಬುಟ್ಟಿಯಲ್ಲಿ ಬರುವ ಹಣ್ಣಿನ ರುಚಿ ಗೊತ್ತಿದ್ದವರಿಗೆ ಅದು ಅರ್ಥವಾಗುತ್ತದೆ. ಅದರಲ್ಲಿ ಪೇರಲಕ್ಕಿಂತ ಸಿಹಿ ಬಹಳ ಜಾಸ್ತಿ. ಆದರೆ ಒಂದೊಂದೇ ಬೀಜ ಬಿಡಿಸುತ್ತಾ ನಿಧಾನ ತಿನ್ನಬೇಕಾದ ಹಣ್ಣು ಅದು. ಸಣ್ಣದೊಂದನ್ನು ಆ ದಿನದ ಪಾಲು ಅಂತ ಇಟ್ಟುಕೊಂಡೆ. ಬೇರೆ ಹಣ್ಣು ಆ ದಿನ ಇಲ್ಲ.

ಸುಮಾರು ಆರು ತಿಂಗಳು ಕಳೆದ ಮೇಲೆ ಎಲ್ಲ ಪರೀಕ್ಷೆ ಮತ್ತೆ ಮಾಡಿಸಿದೆ. ತೂಕ 71ರಿಂದ 66.5ಕ್ಕೆ ಇಳಿದಿತ್ತು. ಫಾಸ್ಟಿಂಗ್ 103. ಎಚ್‌ಬಿಎ1ಸಿ 5.8. ಗ್ಲುಕೋಸ್ ಕುಡಿದ ಎರಡು ಗಂಟೆಗೆ 138. ಟ್ರೈಗ್ಲಿಸರೈಡ್ 149. ಎಸ್‌ಜಿಪಿಟಿ 58ರಿಂದ 36. ಹಿಮೋಗ್ಲೋಬಿನ್ 12.2. ಸ್ಕ್ಯಾನಿಂಗಿನಲ್ಲಿ ಮಾತ್ರ ಮತ್ತೆ ಗ್ರೇಡ್ 1 ಅಂತಲೇ ಬಂತು. ನನಗೆ ನಿರಾಸೆಯಾಯಿತು. ಡಾಕ್ಟರು ಸಮಾಧಾನ ಹೇಳಿದರು. ಸಾಮಾನ್ಯ ಸ್ಕ್ಯಾನಿಂಗಿಗೆ ಸಣ್ಣ ಬದಲಾವಣೆ ಕಾಣುವುದಿಲ್ಲ, ಕೊಬ್ಬು ಚೆನ್ನಾಗಿ ಸೇರಿದ್ದರೆ ಮಾತ್ರ ಅದು ಗುರುತಿಸುತ್ತದೆ, ಗ್ರೇಡ್ ಹಾಕುವುದು ನೋಡುವವರ ಕಣ್ಣಿನ ಅಂದಾಜು. ತೂಕ ನೂರಕ್ಕೆ ಐದರಷ್ಟು ಇಳಿದಾಗಲೇ ಲಿವರ್‌ನ ಕೊಬ್ಬು ಕರಗಲು ಶುರುವಾಗುತ್ತದೆ, ಉರಿಯೂತ ಇಳಿಯಬೇಕಾದರೆ ಏಳರಿಂದ ಹತ್ತರಷ್ಟು ಇಳಿಯಬೇಕು. ನಾನು ಆರು ದಾಟಿದ್ದೆ. ಇನ್ನೂ ದಾರಿ ಇದೆ. ಎಸ್‌ಜಿಪಿಟಿ 36 ಬಂದದ್ದಕ್ಕೆ ಲ್ಯಾಬಿನ ಚೀಟಿಯಲ್ಲಿ ನಾರ್ಮಲ್ ಅಂತ ಇದ್ದರೂ, ಹೆಂಗಸರಿಗೆ 25ರ ಒಳಗಿರಬೇಕು ಅಂತ ಲಿವರ್ ತಜ್ಞರು ಹೇಳುತ್ತಾರೆ.

ಇಷ್ಟೆಲ್ಲ ಹಣ್ಣಿನಿಂದಲೇ ಆಯಿತಾ ಅಂತ ಸ್ಟಾಫ್ ರೂಮಿನಲ್ಲಿ ಕೇಳಿದರು. ಇಲ್ಲ. ಎಚ್‌ಬಿಎ1ಸಿ ಇಳಿದದ್ದರಲ್ಲಿ ಒಂದು ಪಾಲು ಕಬ್ಬಿಣದ ಮಾತ್ರೆಯದ್ದೂ ಇರಬಹುದು. ರಕ್ತ ಸರಿಯಾದ ಕೂಡಲೇ ಆ ಸಂಖ್ಯೆ ತಾನಾಗಿ ಸ್ವಲ್ಪ ಕೆಳಗೆ ಬರುತ್ತದೆ. ಅದಕ್ಕೇ ನಾನು ಹೆಚ್ಚು ನಂಬುವುದು ಗ್ಲುಕೋಸ್ ಕುಡಿದು ಮಾಡಿದ ಪರೀಕ್ಷೆಯ 163ರಿಂದ 138ರ ಇಳಿಕೆಯನ್ನು. ಲಿವರ್‌ಗೆ ಸಿಕ್ಕ ಲಾಭದ ದೊಡ್ಡ ಪಾಲು ತೂಕದ್ದು, ವಾಕಿಂಗಿನದ್ದು, ಟೀಯಲ್ಲಿ ಬಿಟ್ಟ ಸಕ್ಕರೆಯದ್ದು. ಹಣ್ಣು ಮಾಡಿದ ಕೆಲಸ ಏನೆಂದರೆ, ಸಂಜೆಯ ಹಸಿವಿಗೆ ಒಂದು ಜಾಗ ತುಂಬಿಕೊಟ್ಟಿತು. ಬಿಡು ಅಂದರೆ ಬಿಡಲಾಗದ ಮಂಡಕ್ಕಿಯನ್ನು ನಾನು ಕೊರಗಿಲ್ಲದೆ ಬಿಟ್ಟದ್ದು ಅದರ ಜಾಗದಲ್ಲಿ ಸಿಹಿಯಾದ, ಅಗಿಯಲು ಇಷ್ಟವಾದ ಏನೋ ಒಂದು ಇತ್ತು ಅಂತ. ನನ್ನ ಮಟ್ಟಿಗೆ ಅದು ದೊಡ್ಡ ಸಹಾಯ.

ನನ್ನ ಪಟ್ಟಿಯನ್ನು ಹಾಗೇ ನಕಲು ಮಾಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಕಿಡ್ನಿ ತೊಂದರೆ ಇರುವವರಿಗೆ ಹಣ್ಣಿನ ಪೊಟ್ಯಾಸಿಯಂ ಅಪಾಯ ತರಬಹುದು. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಒಂದು ಹೊತ್ತಿನ ತಿಂಡಿ ಬದಲಿಸಿದರೂ ಡಾಕ್ಟರಿಗೆ ಹೇಳಬೇಕು. ನನಗೆ ಏರದ ಹಣ್ಣು ನಿಮಗೆ ಏರಬಹುದು, ಹಾಗಾಗಿ ಸಾಧ್ಯವಿದ್ದರೆ ಮೀಟರ್ ಇಟ್ಟು ನೋಡಿ, ಕೈ ತೊಳೆದುಕೊಂಡು.

ಮುಂದಿನ ಪರೀಕ್ಷೆಯನ್ನು ನಾನು ಬೇಸಿಗೆ ರಜೆಯ ಕೊನೆಗೆ ಇಟ್ಟುಕೊಂಡಿದ್ದೇನೆ. ಅಷ್ಟು ಹೊತ್ತಿಗೆ ಮಾವಿನ ಕಾಲ ನಡೆಯುತ್ತಿರುತ್ತದೆ. ಅಮೆರಿಕದಲ್ಲಿ ಪ್ರೀಡಯಾಬಿಟಿಸ್ ಇದ್ದವರಿಗೆ 24 ವಾರ ದಿನವೂ ಮಾವಿನ ಹಣ್ಣು ಕೊಟ್ಟ ಒಂದು ಸಣ್ಣ ಪ್ರಯೋಗ 2025ರಲ್ಲಿ ಬಂತು. ಕಡಿಮೆ ಸಕ್ಕರೆಯ ಗ್ರಾನೋಲಾ ಬಾರ್ (ಓಟ್ಸ್‌ನಂಥ ಧಾನ್ಯದ ತಿಂಡಿ) ತಿಂದವರಿಗಿಂತ ಮಾವು ತಿಂದವರ ಶುಗರ್ ಚೆನ್ನಾಗಿತ್ತು ಅಂತ ಅದರಲ್ಲಿದೆ. ಅದನ್ನು ಡಾಕ್ಟರಿಗೆ ತೋರಿಸಿದೆ. ದಿನಕ್ಕೆ ಅರ್ಧ ಬಾದಾಮಿ ಮಾವು, ಊಟದ ಮೇಲೆ ಅಲ್ಲ, ಸಂಜೆಯ ಹಣ್ಣಿನ ಬದಲು, ಸೀಕರಣೆ ಮಾಡದೆ ಹೋಳಾಗಿ ತಿನ್ನಲು ಒಪ್ಪಿದ್ದಾರೆ. ಟ್ರೈಗ್ಲಿಸರೈಡ್ ಮತ್ತು ಎಸ್‌ಜಿಪಿಟಿಯನ್ನು ರಜೆಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ನೋಡುವುದು ಅಂತ ಮಾತಾಗಿದೆ. ಬಂದ ಸಂಖ್ಯೆ ಏನೇ ಇರಲಿ, ಇಲ್ಲಿ ಬರೆಯುತ್ತೇನೆ.